ಗೀಸರ್ ಪ್ಲಗ್ ಕಿತ್ತಿಟ್ಟರೂ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ, ಯಾಕೆ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮ ಅಪ್ಪ 1982ರಲ್ಲಿ ಕಟ್ಟಿಸಿದ ಮನೆ. ವೈರಿಂಗ್ ಬಹುಪಾಲು ಆಗಿನದೇ. ಒಂದು ವಾರದಿಂದ ಬಚ್ಚಲುಮನೆಯ ನಲ್ಲಿ ಮುಟ್ಟಿದರೆ ಕೈ ಜುಮ್ ಅನ್ನುತ್ತಿದೆ. ಗೀಸರ್ ಇರಬೇಕು ಅಂತ ಅದರ ಪ್ಲಗ್ ಕಿತ್ತಿಟ್ಟೆ. ಆದರೂ ವಾಷಿಂಗ್ ಮಷಿನ್ ಹಾಕಿದಾಗ ಮತ್ತೆ ಹಾಗೇ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಬಿದ್ದಿಲ್ಲ. ನೋಡಲು ಬಂದವರು ಟೆಸ್ಟರ್ ಇಟ್ಟು, "ಸಣ್ಣಗೆ ಉರೀತಿದೆ, ಮಳೆಗಾಲ ಅಲ್ವಾ, ಏನೂ ಆಗಲ್ಲ" ಅಂದರು. ಮನೆಯಲ್ಲಿ ಅಮ್ಮ, ಸಣ್ಣ ಮಗು ಇದ್ದಾರೆ. ಭಯ ಆಗ್ತಿದೆ.

ಉತ್ತರ (ಎಲೆಕ್ಟ್ರಿಷಿಯನ್): ಭಯ ಪಟ್ಟಿದ್ದು ಸರಿ ಅಕ್ಕ. ಗೀಸರ್, ಮಷಿನ್ ಎರಡನ್ನೂ ಹಾಕಬೇಡಿ, ಪ್ಲಗ್ ತೆಗೆದಿಡಿ. ಸ್ನಾನಕ್ಕೆ ಹಂಡೆ ನೀರೇ ಇರಲಿ.

ಮಷಿನ್ ಹಾಕಿದರೆ ನಲ್ಲಿಯಲ್ಲಿ ಜುಮ್ ಅನ್ನುತ್ತದೆ ಅಂದಿರಲ್ಲ, ಅದೇ ದೊಡ್ಡ ಸುಳಿವು. ಚೆನ್ನಾಗಿರುವ ಮಷಿನ್‌ನಿಂದಲೂ ಒಂದು ಚೂರು ಕರೆಂಟ್ ಅರ್ಥ್ ವೈರಿಗೆ ಹೋಗುತ್ತಿರುತ್ತದೆ. ಅರ್ಥಿಂಗ್ ಸರಿಯಿದ್ದರೆ ಅದು ಮಣ್ಣಿಗೆ ಇಳಿಯುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ನಿಮ್ಮಲ್ಲಿ ವೈರ್ ಎಲ್ಲೋ ಮಣ್ಣಿನಿಂದ ಬಿಟ್ಟುಹೋಗಿದೆ ಅನ್ನಿಸುತ್ತದೆ. ಆ ವೈರಿಗೆ ಸೇರಿದ ಮಷಿನ್, ಗೀಸರ್, ಪೈಪ್ ಎಲ್ಲದರ ಮೈಗೂ ಕರೆಂಟ್ ಹರಡಿದೆ. ಈಗ ಬರೀ ಜುಮ್. ಗೀಸರ್ ಕಾಯಿಲ್ ಒಡೆದ ದಿನ ಅದೇ ದಾರಿಯಲ್ಲಿ 230 ವೋಲ್ಟ್ ಬರುತ್ತದೆ.

ಒಂದು ಕೇಳಬೇಕು. ಈಚೆಗೆ ಪೈಪ್ ಕೆಲಸ ಏನಾದರೂ ಆಗಿದೆಯಾ?

ಪ್ರಶ್ನೆ ಕೇಳಿದವರು: ಹೌದು! ಹೋದ ತಿಂಗಳು ತುಕ್ಕು ಹಿಡಿದ ಹಳೇ ಜಿಐ (ಕಬ್ಬಿಣದ) ಪೈಪ್ ತೆಗೆದು ಹೊರಗಡೆಯೆಲ್ಲ ಪಿವಿಸಿ ಹಾಕಿಸಿದೆವು. ಗೋಡೆಯೊಳಗಿನದು ಮಾತ್ರ ಹಳೆಯದು.

ಇನ್ನೊಬ್ಬ ಸದಸ್ಯರು: ನಮ್ಮ ಮನೇಲೂ ಹೀಗೇ ಇತ್ತು. ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ (ಕರೆಂಟ್ ವಾಪಸ್ ಹೋಗುವ ವೈರ್) ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಕೊಟ್ಟರು, ಸರಿಹೋಯ್ತು. ಖರ್ಚೂ ಇಲ್ಲ.

ಉತ್ತರ: ಅಣ್ಣ, ಕೈಮುಗಿದು ಕೇಳ್ತೀನಿ, ಆ ತುಂಡು ವೈರನ್ನು ಇವತ್ತೇ ತೆಗೆಸಿ. ಹಳೇ ಮನೆಗಳ ಕಬ್ಬಿಣದ ಮೇನ್ ಸ್ವಿಚ್‌ನಲ್ಲಿ ಎಷ್ಟೋ ಕಡೆ ನ್ಯೂಟ್ರಲ್‌ಗೂ ಪಿಂಗಾಣಿ ಫ್ಯೂಸ್ ಇರುತ್ತದೆ. ಅದೊಂದೇ ಹೋಯಿತು ಅಂದುಕೊಳ್ಳಿ. ದೀಪ ಆರುತ್ತದೆ, ಕರೆಂಟ್ ಹೋಯ್ತು ಅಂದುಕೊಳ್ತೀರಿ. ಆದರೆ ಫೇಸ್, ಅಂದರೆ ಕರೆಂಟ್ ತರುವ ವೈರ್, ಇನ್ನೂ ಇದೆ. ಅದು ಬಲ್ಬಿನ ಮೂಲಕ ನ್ಯೂಟ್ರಲ್ ವೈರಿಗೆ, ಅಲ್ಲಿಂದ ಆ ತುಂಡು ದಾಟಿ ಮಷಿನ್ ಮೈಗೆ ಬರುತ್ತದೆ. ಕತ್ತಲಲ್ಲಿ ಮಷಿನ್ ಮುಟ್ಟಿದವರ ಕಥೆ ಮುಗಿಯಿತು. ಕಂಬದ ಹತ್ತಿರ ವೈರ್ ಅದಲುಬದಲಾದರೆ ಫೇಸೇ ನೇರವಾಗಿ ಮೈಗೆ ಬರುತ್ತದೆ.

ಅಕ್ಕ, ನಿಮ್ಮದು ಬಹುಶಃ ನೀರಿನ ಪೈಪಿಗೇ ಕಟ್ಟಿದ ಅರ್ಥಿಂಗ್. ಆಗ ಹಾಗೆ ಮಾಡುತ್ತಿದ್ದರು. ಮಣ್ಣಲ್ಲಿದ್ದ ಕಬ್ಬಿಣ ಹೋಗಿ ಪ್ಲಾಸ್ಟಿಕ್ ಬಂತು, ಅರ್ಥಿಂಗೂ ಹೋಯಿತು. ಲೈಸೆನ್ಸ್ ಇರುವವರನ್ನು ಕರೆಸಿ. ಮಷಿನ್ ಸಾಕೆಟ್‌ನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಮೀಟರ್ ಇಡಲಿ. ಒಂದೆರಡು ವೋಲ್ಟ್ ಇರಬೇಕಾದದ್ದು.

ಪ್ರಶ್ನೆ ಕೇಳಿದವರು: ಇವತ್ತು ನೋಡಿಸಿದೆ. 90 ವೋಲ್ಟ್ ಬಂತು. ಹಿತ್ತಲಲ್ಲಿ ಒಂದಡಿ ತುಕ್ಕು ಪೈಪು, ಅದಕ್ಕೆ ಸುತ್ತಿದ ಜಿಐ ತಂತಿ, ಅಲ್ಲಿಂದಾಚೆಗೆ ಪಿವಿಸಿ. ನೀವು ಹೇಳಿದ್ದೇ. ಅರ್ಥಿಂಗ್‌ಗೆ ಹೊಸ ಗುಂಡಿ ತೆಗೆಸಿದರೆ ಸಾಕಾ?

ಉತ್ತರ: ಸಾಲದು. ಗುಂಡಿಯ ರೆಸಿಸ್ಟೆನ್ಸ್ 50 ಓಮ್ ಬಂತು ಅಂತಿಟ್ಟುಕೊಳ್ಳಿ. ಗೀಸರ್ ಬಾಡಿಗೆ ಫೇಸ್ ತಾಗಿದರೂ ಹರಿಯುವುದು ಸುಮಾರು 4.6 ಆಂಪಿಯರ್. 16 ಆಂಪಿಯರ್ ಎಂಸಿಬಿ ಅಲ್ಲಾಡುವುದಿಲ್ಲ. ಅದಕ್ಕೇ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸ್ವಲ್ಪ ಸೋರಿದರೂ ಲೈನ್ ಕಡಿಯುವ ಸ್ವಿಚ್) ಬೇಕೇ ಬೇಕು. ಗುಂಡಿಯನ್ನು ಅರ್ಥ್ ಟೆಸ್ಟರ್‌ನಲ್ಲಿ ಅಳೆಸಿ, 5 ಓಮ್ ಒಳಗೆ ಬಂದರೆ ಒಳ್ಳೆಯದು. ಗೋಡೆಯೊಳಗಿನ ಹಳೇ ಪೈಪಿಗೂ ಆ ಅರ್ಥ್ ವೈರ್ ಸೇರಿರಲಿ.

ಆರ್‌ಸಿಸಿಬಿ ಹಾಕಿದ ಮೇಲೆ ಪದೇ ಪದೇ ಬಿದ್ದರೆ, ಅದನ್ನು ಬೈಪಾಸ್ ಮಾಡಲು ಯಾರು ಹೇಳಿದರೂ ಒಪ್ಪಬೇಡಿ. ಹಳೇ ವೈರ್ ಎಲ್ಲೋ ಲೀಕ್ ಆಗುತ್ತಿದೆ ಅಂತ ಅರ್ಥ. ಒಂದೊಂದೇ ಲೈನ್ ಬಿಡಿಸಿ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿಸಿ. ಗೀಸರ್ ಕಾಯಿಲನ್ನೂ ಅದರಲ್ಲೇ ನೋಡಿಸಿ, ಆಮೇಲೆ ಪ್ಲಗ್ ಹಾಕಿ.