ನಿಂಬೆ ತೋಟದ ಕಸದಲ್ಲಿರುವ ಥ್ರಿಪ್ಸ್, ಕಾಯಿ ಕೆಡಿಸುವ ಥ್ರಿಪ್ಸ್ ಎರಡೂ ಒಂದೇನಾ?

ಪ್ರಶ್ನೆ (ಇಂಡಿ ತಾಲ್ಲೂಕಿನ ನಿಂಬೆ ಬೆಳೆಗಾರ): ನಮಸ್ಕಾರ ಮೇಡಂ. ನಮ್ಮದು ಎರಡು ಎಕರೆ ನಿಂಬೆ. ಹಸ್ತ ಬಹಾರ್, ಅಂದರೆ ಬೇಸಿಗೆಗೆ ಕಾಯಿ ಬರುವ ಹೂವಿನ ಹಂಗಾಮು ಹಿಡಿದಿದ್ದೇವೆ, ಈಗ ಕಾಯಿ ಕಡಲೆ ಗಾತ್ರ ಇದೆ. ಹೋದ ಬೇಸಿಗೆಯಲ್ಲಿ ಬಹಳ ಕಾಯಿಗಳ ತೊಟ್ಟಿನ ಸುತ್ತ ಬೂದು ಬಣ್ಣದ ಉಂಗುರ ಬಿದ್ದಿತ್ತು. ಮಾರ್ಕೆಟ್‌ನಲ್ಲಿ ಡಾಗಿ ಮಾಲು ಅಂತ ಬೇರೆ ತೆಗೆದಿಟ್ಟರು. ಥ್ರಿಪ್ಸ್ ಹಾವಳಿ ಅಂದರು. ಸಾಲಿನ ನಡುವೆ ಹುಲ್ಲು, ಕಾಂಗ್ರೆಸ್ ಕಸ, ಬೇರೆ ಹೂವಿನ ಕಸ ತುಂಬಿದೆ. ಹೂವು ಕೊಡವಿದರೆ ಸಣ್ಣ ಹುಳ ಸುರಿಯುತ್ತವೆ. ನೀಲಿ ಅಂಟು ಹಾಳೆ ಕಟ್ಟಿದೆ, ಮೂರೇ ದಿನಕ್ಕೆ ಕಪ್ಪಗಾಯಿತು. ಕಳೆನಾಶಕ ಹೊಡೆದು ನೆಲ ಬೋಳು ಮಾಡಿಬಿಡಲಾ?

ಉತ್ತರ (ಕೀಟಶಾಸ್ತ್ರ ತಜ್ಞೆ): ನಮಸ್ಕಾರ. ದಯವಿಟ್ಟು ಸ್ವಲ್ಪ ತಡೆಯಿರಿ. ಹಾಳೆಗೆ ಬಿದ್ದ ಹುಳವೇ ಕಾಯಿ ಕೆಡಿಸಿದ್ದು ಅಂತ ಇನ್ನೂ ಗೊತ್ತಾಗಿಲ್ಲ. ಅದು ಬೇರೆಯೇ ಆಗಿರುವ ಸಾಧ್ಯತೆ ಜಾಸ್ತಿ.

ಥ್ರಿಪ್ಸ್ ಅಂದರೆ ಒಂದು ಹುಳ ಅಲ್ಲ, ದೊಡ್ಡ ಬಳಗ. ನಾವು ಎಲ್ಲಕ್ಕೂ ನುಸಿ ಅಂತೇವೆ, ಎಂಟು ಕಾಲಿನ ಜೇಡದ ಬಳಗದ ಮೈಟ್‌ಗೂ ಅದೇ ಹೆಸರು. ಗೊಂದಲ ಅಲ್ಲಿಂದಲೇ ಶುರು. ಫ್ಲೋರಿಡಾದ ಕಿತ್ತಳೆ ಜಾತಿಯ ತೋಟಗಳಲ್ಲಿ ಹುಡುಕಿದಾಗ 30ಕ್ಕೂ ಹೆಚ್ಚು ಬಗೆಯ ಥ್ರಿಪ್ಸ್ ಸಿಕ್ಕಿವೆ. ಕೆಲವು ಹೂವಿನ ಪರಾಗ ತಿಂದುಕೊಂಡು ಇರುತ್ತವೆ. ಕೆಲವು ಹುಲ್ಲು ಬಿಟ್ಟು ಕದಲುವುದಿಲ್ಲ. ಶಲ್ಕ ಕೀಟವನ್ನು ತಿಂದು ನಮಗೆ ಉಪಕಾರ ಮಾಡುವವೂ ಇವೆ. ಕಾಯಿಗೆ ಕಲೆ ಮಾಡುವವು ಕೆಲವೇ.

ನಮ್ಮ ಕಡೆ ನಿಂಬೆಯಲ್ಲಿ ಮೊದಲು ಅನುಮಾನಿಸಬೇಕಾದ್ದು ಮೆಣಸಿನಕಾಯಿ ಥ್ರಿಪ್ಸ್ ಅನ್ನು, ಅಂದರೆ ಸಿರ್ಟೋಥ್ರಿಪ್ಸ್ ಡಾರ್ಸಾಲಿಸ್. ಮೆಣಸಿನ ಗಿಡಕ್ಕೆ ಮುಟುರು ತರುತ್ತಲ್ಲ, ಅದೇ. ಇದಕ್ಕೆ ಬೇಕಾದ್ದು ಎಳೆ ಚಿಗುರು, ಎಳೆ ಕಾಯಿ. ಹೂವಿನ ದಳ ಉದುರಿದ ಮೇಲೆ ಇದರ ಮರಿಗಳು ತೊಟ್ಟಿನ ಹತ್ತಿರದ ಪುಷ್ಪಪಾತ್ರೆಯ ಕೆಳಗೆ ಸೇರಿಕೊಂಡು ಸಿಪ್ಪೆ ಕೆರೆದು ರಸ ಹೀರುತ್ತವೆ. ಆಗ ಗಾಯ ಕಣ್ಣಿಗೆ ಬೀಳುವುದೇ ಇಲ್ಲ. ಕಾಯಿ ದಪ್ಪಗಾದಂತೆ ಗಾಯ ಹೊರಗೆ ಸರಿದು ಉಂಗುರವಾಗಿ ಕಾಣುತ್ತದೆ. ಅಷ್ಟೊತ್ತಿಗೆ ಹುಳ ಹೋಗಿ ಎಷ್ಟೋ ದಿನ ಆಗಿರುತ್ತದೆ. ಉಂಗುರ ಕಂಡ ಮೇಲೆ ಔಷಧಿ ಹೊಡೆದರೆ ದುಡ್ಡು ಸುಮ್ನೆ ಹೋಗುತ್ತದೆ. ಒಳಗಿನ ರಸಕ್ಕೆ ಏನೂ ಆಗಿರುವುದಿಲ್ಲ, ಆದರೆ ರೇಟು ಬೀಳುತ್ತದೆ. ಆ ಸಂಕಟ ನನಗೆ ಅರ್ಥವಾಗುತ್ತದೆ.

ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಕಪ್ಪು ರಟ್ಟೊಂದನ್ನು ಎಳೆ ಚಿಗುರಿನ ಕೆಳಗೆ ಹಿಡಿದು, ಕೊಂಬೆಯನ್ನು ನಾಲ್ಕೈದು ಸಲ ತಟ್ಟಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಇದ್ದರೆ ಸಾಕು. ಮೆಣಸಿನಕಾಯಿ ಥ್ರಿಪ್ಸ್ ಒಂದು ಮಿಲಿಮೀಟರ್ ಸುಮಾರು ಇರುತ್ತದೆ. ಮೈ ತಿಳಿ ಹಳದಿ, ರೆಕ್ಕೆ ಮಾತ್ರ ಕಪ್ಪು ಛಾಯೆ. ಮರಿಗಳು ಪೂರ್ತಿ ಹಳದಿ, ಚುರುಕಾಗಿ ಓಡುತ್ತವೆ. ಆಮೇಲೆ ಅದೇ ರೀತಿ ಬಿಳಿ ಹಾಳೆ ಹಿಡಿದು ಕಸದ ಹೂವನ್ನೂ ಕೊಡವಿ. ಕಪ್ಪು, ಕಂದು ಬಣ್ಣದವು ಬಿದ್ದರೆ ಅವು ಬೇರೆ ಜಾತಿ.

ನೀಲಿ ಹಾಳೆ ಹೂವಿನ ಥ್ರಿಪ್ಸ್ ಅನ್ನು ಚೆನ್ನಾಗಿ ಸೆಳೆಯುತ್ತದೆ. ಮೆಣಸಿನಕಾಯಿ ಥ್ರಿಪ್ಸ್ ಹಳದಿ ಬಣ್ಣಕ್ಕೆ ಜಾಸ್ತಿ ಬರುತ್ತದೆ. ಅದಕ್ಕೇ ನಿಮ್ಮ ಹಾಳೆ ನೋಡಿ ಲೆಕ್ಕ ಹಾಕಬೇಡಿ ಅಂದೆ.

ಇನ್ನು ನೆಲದ ಕಸ. ಬೋಳು ನೆಲದಿಂದ ಧೂಳು ಎದ್ದರೆ ಬೆಳೆ ಕೆಡಿಸುವ ಮೈಟ್ ಕಾಟ ಹೆಚ್ಚುತ್ತದೆ. ಥ್ರಿಪ್ಸ್ ಮರಿಗಳನ್ನು ತಿನ್ನುವ ಪರಭಕ್ಷಕ ಮೈಟ್‌ಗಳು, ಓರಿಯಸ್ ತಿಗಣೆಗಳು ಬೇಟೆ ಸಿಗದಾಗ ಪರಾಗ ತಿಂದು ಬದುಕುತ್ತವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕಿತ್ತಳೆ ಬೆಳೆಗಾರರು ಸಾಲಿನ ನಡುವೆ ರೋಡ್ಸ್ ಹುಲ್ಲನ್ನು ಬೇಕಂತಲೇ ಬೆಳೆಸುತ್ತಾರೆ. ಅದರ ಪರಾಗ ಗಾಳಿಗೆ ಹಾರಿ ಎಲೆ ಮೇಲೆ ಕೂತು ಆ ಮೈಟ್‌ಗಳಿಗೆ ಊಟ ಆಗುತ್ತದೆ. ನೀವು ಹುಲ್ಲು ಕೊಯ್ಯಿರಿ, ಆದರೆ ಒಂದು ಸಾಲು ಬಿಟ್ಟು ಒಂದು ಸಾಲು. ನಿಂಬೆ ಹೂ ಬಿಟ್ಟಿರುವಾಗ ಹೂವಿನ ಕಸವನ್ನೆಲ್ಲ ಒಂದೇ ದಿನ ಸವರಿದರೆ ಅಲ್ಲಿದ್ದ ಹುಳವೆಲ್ಲ ಗಿಡಕ್ಕೇ ಏರುತ್ತವೆ.

ಇನ್ನೊಬ್ಬ ಸದಸ್ಯರು: ಕಾಂಗ್ರೆಸ್ ಕಸವನ್ನೂ ಉಳಿಸಬೇಕಾ ಮೇಡಂ? ನಮ್ಮ ನಿಂಬೆ ಪಕ್ಕದಲ್ಲೇ ಶೇಂಗಾ ಇದೆ.

ಉತ್ತರ: ಬೇಡವೇ ಬೇಡ. ಅದನ್ನು ಹೂವಾಗುವ ಮೊದಲೇ ಕಿತ್ತು ಹಾಕಿ. 2000ದಲ್ಲಿ ಆಂಧ್ರದ ಅನಂತಪುರ ಜಿಲ್ಲೆಯಲ್ಲಿ ಶೇಂಗಾ ಕುಡಿ ಒಣಗಿ ಭಾರೀ ನಷ್ಟ ಆಯಿತು. ಅದಕ್ಕೆ ಕಾರಣವಾದ ವೈರಸ್ ಇದ್ದದ್ದು ಕಾಂಗ್ರೆಸ್ ಕಸದಲ್ಲಿ, ಅದೂ ಯಾವ ಲಕ್ಷಣವನ್ನೂ ತೋರಿಸದೆ. ಅದರ ಪರಾಗ ಥ್ರಿಪ್ಸ್ ಮೈಗೆ ಅಂಟಿ ಶೇಂಗಾಕ್ಕೆ ಬಂತು. ಥ್ರಿಪ್ಸ್ ಎಲೆ ಕೆರೆದ ಗಾಯದಲ್ಲಿ ವೈರಸ್ ಒಳಗೆ ಹೋಯಿತು. ಸೂರ್ಯಕಾಂತಿಗೂ ಇದೇ ಕಾಟ.

ಮೊದಲು ಕೇಳಿದವರು (ಎರಡು ದಿನದ ನಂತರ): ತಟ್ಟಿ ನೋಡಿದೆ ಮೇಡಂ. ಕಸದ ಹೂವಿನಲ್ಲಿ ಕಪ್ಪನೆಯವು, ಬಾಲ ಎತ್ತಿಕೊಂಡು ನಡೆಯುತ್ತವೆ. ಚಿಗುರಿನಲ್ಲಿ ಹಳದಿಯವು, ಒಂದೊಂದು ಕುಡಿಗೆ ನಾಲ್ಕೈದು. ಬದುವಿನ ಮೇಲೆ ಹತ್ತು ಸಾಲು ಮೆಣಸಿನಕಾಯಿ ಹಾಕಿದ್ದೆವು, ಅದರಲ್ಲೂ ಹಳದಿಯವೇ!

ಉತ್ತರ: ಬಹಳ ಚೆನ್ನಾಗಿ ನೋಡಿದ್ದೀರಿ. ಹಾಗಾದರೆ ಹುಳ ಸಾಕುತ್ತಿರುವುದು ನಿಮ್ಮ ಮೆಣಸಿನಕಾಯಿ, ಹುಲ್ಲಲ್ಲ. ಕಾಯಿ ಕಿತ್ತು ಮುಗಿದ ತಕ್ಷಣ ಆ ಗಿಡ ತೆಗೆದುಬಿಡಿ, ಮುಂದಿನ ಸಲ ಅಲ್ಲಿ ಮೆಣಸಿನಕಾಯಿ ಹಾಕಬೇಡಿ. ಈಗ ಕಾಯಿ ಕಡಲೆ ಗಾತ್ರ ಇರುವುದರಿಂದ ಇನ್ನೂ ಕಾಲ ಮೀರಿಲ್ಲ. ಬೇವಿನ ಬೀಜದ ಕಷಾಯ ಶೇಕಡಾ 5ರಂತೆ, ಅಂದರೆ 100 ಲೀಟರ್ ನೀರಿಗೆ 5 ಕೆಜಿ ಬೀಜದ ತಿರುಳು, ಸಂಜೆ ಹೊತ್ತು ಚಿಗುರು ಮತ್ತು ಕಾಯಿ ನೆನೆಯುವಂತೆ ಹೊಡೆಯಿರಿ. ಬಿಸಿ ವಾತಾವರಣದಲ್ಲಿ ಎರಡು-ಮೂರು ವಾರಕ್ಕೆ ಹೊಸ ಪೀಳಿಗೆ ಬರುತ್ತದೆ. ಆದ್ದರಿಂದ ವಾರಕ್ಕೊಮ್ಮೆ ತಟ್ಟಿ ಎಣಿಸಿ ಬರೆದಿಡಿ. ಕಡಿಮೆಯಾಗದಿದ್ದರೆ ಎಣಿಕೆ ಹಾಕಿ ಇಲ್ಲೇ ಕೇಳಿ, ನಿಂಬೆಗೆ ಲೇಬಲ್ ಇರುವ ಔಷಧಿಯನ್ನೇ ನೋಡೋಣ. ಅಂಗಡಿಯವರು ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಕೊಟ್ಟರೆ ತರಬೇಡಿ, ಅದು ಪರಭಕ್ಷಕ ಮೈಟ್‌ಗಳನ್ನು ಮೊದಲು ಕೊಲ್ಲುತ್ತದೆ. ಕಾಯಿ ಗೋಲಿ ಗಾತ್ರ ದಾಟುವವರೆಗೆ ಮಾತ್ರ ಕಣ್ಣಿಟ್ಟಿರಿ.