ಸುದ್ದಿಯಲ್ಲಿ ಎಲ್ಲವೂ ‘ಕುಸಿತ’ವೇ?

ಸ್ನೇಹಿತರೇ, ‘ಕುಸಿತ’ ಎಂಬ ಪದದ ಬಗ್ಗೆ ಒಂದು ಚರ್ಚೆ ಆಗಬೇಕು. ದಿನಪತ್ರಿಕೆ, ವಾರಪತ್ರಿಕೆ ಯಾವುದನ್ನೇ ತೆಗೆದರೂ ಈ ಪದ ಇದೆ. ಇದರ ಎದುರು ಬೇರೆ ಒಳ್ಳೊಳ್ಳೆ ಪದಗಳು ಮಾಯವಾಗುತ್ತಿವೆ ಎಂಬುದು ನನ್ನ ತಕರಾರು.

2024ರ ಮಳೆಗಾಲವನ್ನೇ ನೋಡಿ. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಬಂದು ಬಿತ್ತು. ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಮುರಿದು ಲಾರಿ ಸಮೇತ ನೀರಿಗೆ ಬಿತ್ತು. ತಲೆಬರಹ ಏನು? ಗುಡ್ಡ ಕುಸಿತ, ಸೇತುವೆ ಕುಸಿತ. ಶಿರಸಿ ಮಾರುಕಟ್ಟೆಯಲ್ಲಿ ಚಾಲಿ ಅಡಿಕೆಯ ದರ ತುಸು ಇಳಿದರೆ ‘ಧಾರಣೆ ಕುಸಿತ’. ಅಂತರ್ಜಲ, ಷೇರುಪೇಟೆ, ಶಾಲೆಯ ಹಾಜರಾತಿ, ಎಲ್ಲಕ್ಕೂ ಅದೇ. ದರ ‘ಇಳಿಯಿತು’ ಅಂದರೆ ಸಾಕು, ಅಲ್ವಾ?

ಕುಸಿಯುವುದು ಅಂದರೆ ಬಲ ಕಳೆದುಕೊಂಡು ನಿಂತಲ್ಲೇ ಕೆಳಗೆ ಹೋಗುವುದು. ತಲೆ ತಿರುಗಿದವರು ಕುಸಿದು ಕೂರುತ್ತಾರೆ. ನೆನೆದ ಮಣ್ಣಿನ ಗೋಡೆ ಕುಸಿಯುತ್ತದೆ. ಕಲ್ಲು ಕಟ್ಟದ ಬಾವಿ ಕುಸಿಯುತ್ತದೆ. ಇಲ್ಲೆಲ್ಲ ಪದ ಸರಿಯಾಗಿ ಕೂತಿದೆ. ಶಿರೂರಿನಲ್ಲಿ ಆದದ್ದು ಬೇರೆ. ಅಲ್ಲಿ ಮಣ್ಣು ಹೆದ್ದಾರಿಯನ್ನು ದಾಟಿ ಗಂಗಾವಳಿ ನದಿಗೆ ನುಗ್ಗಿತು. ಚಹಾ ಅಂಗಡಿಯನ್ನೂ ಟ್ಯಾಂಕರನ್ನೂ ಎಳೆದುಕೊಂಡು ಹೋಯಿತು. ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ಇದಕ್ಕೆ ‘ಜರಿ’ ಎಂಬ ಪದವಿದೆ. ಗುಡ್ಡ ಜರಿಯಿತು. ಮಣ್ಣು ಜಾರಿ, ಮುಂದೆ ಸಿಕ್ಕಿದ್ದನ್ನು ತಳ್ಳಿಕೊಂಡು ಬಂದ ಚಿತ್ರ ಅದರಲ್ಲಿ ಕಾಣುತ್ತದೆ. ‘ಕುಸಿತ’ದಲ್ಲಿ ಅದು ಕಾಣುವುದಿಲ್ಲ.

ಇನ್ನು ‘ಧರೆ’. ನನಗೆ ಜಾಸ್ತಿ ಬೇಸರ ಇರುವುದು ಇಲ್ಲೇ. ನಮ್ಮ ಕಡೆ ಧರೆ ಅಂದರೆ ಕಡಿದಾದ ಮಣ್ಣಿನ ಬದಿ. ಹೆಚ್ಚಾಗಿ ಮನೆಗೋ ತೋಟಕ್ಕೋ ರಸ್ತೆಗೋ ಗುಡ್ಡ ಕಡಿದಾಗ ಪಕ್ಕದಲ್ಲಿ ಉಳಿಯುವಂಥದ್ದು. ಕೊಡಗಿನವರು ಇದನ್ನೇ ‘ಬರೆ’ ಅನ್ನುತ್ತಾರೆ. ‘ಹಿತ್ತಲ ಧರೆ ಬಿತ್ತು’ ಅಂದರೆ ಶಿರಸಿ, ಸಿದ್ದಾಪುರದವರಿಗೆ ಮತ್ತೆ ವಿವರಿಸಬೇಕಿಲ್ಲ. ಆ ಮಣ್ಣನ್ನು ಹಿಂದೆ ಯಾರೋ ಕಡಿದಿದ್ದರು ಅನ್ನುವುದೂ ಆ ಮಾತಿನಲ್ಲೇ ಬಂತು. ಕುಮಟಾ–ಶಿರಸಿ ನಡುವಿನ ದೇವಿಮನೆ ಘಟ್ಟದಲ್ಲಿ ರಸ್ತೆಗಾಗಿ ಕಡಿದ ಧರೆ ಜರಿದಾಗ ‘ಭೂಕುಸಿತ’ ಎಂದು ಬರೆದರೆ ಭೂಮಿ ತಾನಾಗಿಯೇ ಕುಸಿದಂತೆ ಆಗುತ್ತದೆ. ಕಡಿದ ಯಂತ್ರ, ಕಡಿಸಿದವರು, ನೇರ ಗೋಡೆಯಂತೆ ಕಡಿದ ರೀತಿ, ಯಾವುದೂ ಓದುಗರ ಗಮನಕ್ಕೆ ಬರುವುದಿಲ್ಲ.

ಅಳತೆಯೂ ಗೊತ್ತಾಗುವುದಿಲ್ಲ. 2009ರ ಅಕ್ಟೋಬರ್‌ನಲ್ಲಿ ಕಾರವಾರದ ಕಡವಾಡದ ಬಳಿ ಝರಿವಾಡಾದಲ್ಲಿ ಗುಡ್ಡ ಬಿದ್ದು 19 ಜನ ಸತ್ತರು. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಅಡಿಕೆ ತೋಟಗಳೇ ಜರಿದು ಹೋದವು. ರಸ್ತೆಗೆ ನಾಲ್ಕು ಬುಟ್ಟಿ ಮಣ್ಣು ಬಿದ್ದ ದಿನವೂ ಇವಕ್ಕೆಲ್ಲ ಬಳಸಿದ ಪದವನ್ನೇ ಬಳಸಿದರೆ, ಊರಿಂದ ದೂರ ಇರುವವರು ಏನೆಂದು ತಿಳಿಯಬೇಕು?

‘ಧರೆ’ ಬರೆದರೆ ಬೇರೆ ಜಿಲ್ಲೆಯವರಿಗೆ ಗೊಂದಲ ಆಗುತ್ತದೆ ಎಂದು ಪತ್ರಿಕೆಯವರು ಹೇಳಬಹುದು. ಮಾತು ಸುಳ್ಳಲ್ಲ. ಉಳಿದ ಕಡೆ ಧರೆ ಅಂದರೆ ಭೂಮಿ. ಗಾಳಿಮಳೆಯ ಸುದ್ದಿಯಲ್ಲಿ ‘ಮರ ಧರೆಗುರುಳಿದೆ’ ಎಂದು ಬರೆಯುವುದು ವಾಡಿಕೆ. ಒಂದೇ ಸುದ್ದಿಯಲ್ಲಿ ಧರೆಯೂ ಕುಸಿದು ಮರವೂ ಧರೆಗುರುಳಿದರೆ ಓದುಗರು ತಬ್ಬಿಬ್ಬಾಗುತ್ತಾರೆ. ಹಾಗಾದರೆ ಮರ ‘ನೆಲಕ್ಕೆ ಬಿತ್ತು’ ಎಂದು ಬರೆಯಲಿ, ಧರೆ ಉಳಿಯಲಿ. ‘ಕಡಲ್ಕೊರೆತ’ ಕರಾವಳಿಯ ಕಷ್ಟದ ಮಾತು. ಸಮುದ್ರವನ್ನೇ ನೋಡದವರೂ ಅದನ್ನು ಸುದ್ದಿಯಲ್ಲಿ ಓದಿ ಓದಿ ಅರ್ಥ ಮಾಡಿಕೊಂಡಿದ್ದಾರೆ. ಯಾರು ಕೊರೆದರು ಅನ್ನುವುದೂ ಆ ಪದದಲ್ಲೇ ಇದೆ. ಎಷ್ಟು ಚೆನ್ನಾದ ಪದ!

ಸೇತುವೆಯ ವಿಷಯ ಉದ್ದ ಬೇಡ. ‘ಮುರಿದು ಬಿತ್ತು’ ಅಂದರೆ ಆಯಿತು.

ಈಗ ನನ್ನ ಪ್ರಶ್ನೆಗಳು. ‘ಗುಡ್ಡ ಜರಿತ’ ಎಂದು ದಕ್ಷಿಣ ಕನ್ನಡದ ಸುದ್ದಿಗಳಲ್ಲಿ ಬರೆಯುತ್ತಾರೆ. ಅದನ್ನು ಎಲ್ಲರೂ ತಲೆಬರಹಕ್ಕೆ ತಂದರೆ ನಿಮ್ಮ ಕಿವಿಗೆ ಒಗ್ಗುತ್ತದೆಯೇ? ಧರೆ, ಬರೆ ಎರಡೂ ಇಲ್ಲದ ಊರಿನವರು ಅಂಥ ಮಣ್ಣಿನ ಬದಿಗೆ ಏನನ್ನುತ್ತೀರಿ? ಕೊನೆಯದು ಕಾಗುಣಿತದ್ದು. ಮಾತಿನಲ್ಲಿ ಕೇಳುವುದು ‘ದರೆ’, ಅಚ್ಚಿನಲ್ಲಿ ಕಾಣುವುದು ‘ಧರೆ’. ಇದು ಭೂಮಿ ಎಂಬ ಅರ್ಥದ ಧರೆಯೇ ಆಗಬೇಕೆಂದಿಲ್ಲ, ‘ಗಿರಿದರಿ’ಯ ‘ದರಿ’ಗೆ ಹತ್ತಿರದ್ದು ಅಂತ ನನಗೆ ಅನಿಸುತ್ತದೆ. ಹಾಗಿದ್ದರೆ ‘ದರೆ’ ಎಂದೇ ಬರೆಯಬಹುದು, ಭೂಮಿಯ ಜೊತೆ ಗೊಂದಲವೂ ಇರುವುದಿಲ್ಲ. ಹಳೇ ದಾಖಲೆಗಳಲ್ಲೋ ಜಮೀನಿನ ಪತ್ರಗಳಲ್ಲೋ ಈ ಪದವನ್ನು ಕಂಡವರು ಯಾವ ಅಕ್ಷರದಲ್ಲಿ ಇತ್ತು ಎಂದು ದಯವಿಟ್ಟು ತಿಳಿಸಿ.