ಸಣ್ಣ ಯೂನಿವರ್ಸಿಟಿ, ಬಿಲ್‌ನಲ್ಲಿ ಅಥ್ಲೆಟಿಕ್ಸ್ ಫೀ: ಈ ದುಡ್ಡು ಹೋಗೋದೆಲ್ಲಿಗೆ?

ಎಂಎಸ್_ಎರಡನೇ_ವರ್ಷ

ಎಲ್ರಿಗೂ ನಮಸ್ಕಾರ. ಅಮೆರಿಕದ ಒಂದು ಸಣ್ಣ ಸ್ಟೇಟ್ ಯೂನಿವರ್ಸಿಟಿಲಿ ಎಂಎಸ್ ಮಾಡ್ತಿದೀನಿ, ಹೆಸರು ಬೇಡ. ಈ ಸಲ ಸೆಮಿಸ್ಟರ್ ಬಿಲ್ ಬಂದಾಗ ಮೊದಲನೇ ಸಲ ಒಂದೊಂದು ಸಾಲೂ ಕೂತ್ಕೊಂಡು ಓದ್ದೆ. ಟ್ಯೂಷನ್, ಹೆಲ್ತ್ ಇನ್ಶೂರೆನ್ಸ್, ಟೆಕ್ನಾಲಜಿ ಫೀ, ಅದರ ಕೆಳಗೆ ಇಂಟರ್‌ಕಾಲೇಜಿಯೇಟ್ ಅಥ್ಲೆಟಿಕ್ಸ್ ಫೀ ಅಂತ 400 ಡಾಲರ್ ಮೇಲೆ. ಅದೂ ಪ್ರತಿ ಸೆಮಿಸ್ಟರ್. ಜಿಮ್ಮಿಗೆ ಬೇರೆ ಫೀ ಇದೆ, ಹಾಗಾಗಿ ಇದು ನಾವು ಆಡೋಕಲ್ಲ, ಟೀಮ್‌ಗಳಿಗೆ.

ಇಲ್ಲಿ ಬಂದ ಮೇಲೆ ಒಂದೇ ಒಂದು ಫುಟ್‌ಬಾಲ್ (ಅಮೆರಿಕನ್ ಫುಟ್‌ಬಾಲ್) ಮ್ಯಾಚ್‌ಗೆ ಹೋಗಿದೀನಿ, ಸ್ಟೂಡೆಂಟ್ಸ್‌ಗೆ ಟಿಕೆಟ್ ಫ್ರೀ, ಆದ್ರೂ ಎದುರುಗಡೆ ಸ್ಟ್ಯಾಂಡ್ ಅರ್ಧ ಖಾಲಿ, ಬ್ಯಾಂಡ್ ಬಾರಿಸೋ ಹುಡುಗ್ರು, ಆಟಗಾರರ ಅಪ್ಪ ಅಮ್ಮಂದಿರು ಬಿಟ್ರೆ ಹೆಚ್ಚು ಜನ ಇರ್ಲಿಲ್ಲ. ಅದಕ್ಕಿಂತ ಬೇಜಾರಾಗಿದ್ದು ಸೆಪ್ಟೆಂಬರ್‌ನಲ್ಲಿ. ನಮ್ಮ ಟೀಮ್ ಯಾವುದೋ ದೊಡ್ಡ ಯೂನಿವರ್ಸಿಟಿ ಮೇಲೆ ಆಡೋಕೆ ಅಷ್ಟು ದೂರ ಹೋಗಿ 50ಕ್ಕೂ ಹೆಚ್ಚು ಪಾಯಿಂಟ್‌ನಿಂದ ಸೋತು ಬಂತು. ನನ್ನ ಲ್ಯಾಬ್ ಸೆಕ್ಷನ್‌ನಲ್ಲಿ ಆ ಟೀಮಿನ ಹುಡುಗ ಒಬ್ಬ ಇದಾನೆ, ಸೋಮವಾರ ಬೆಳಗ್ಗೆ ಬಂದಾಗ ಎಡಗೈನ ಎರಡು ಬೆರಳು ಸೇರಿಸಿ ಟೇಪ್ ಸುತ್ತಿತ್ತು, ಪೆನ್ನು ಹಿಡಿಯೋಕೇ ಆಗ್ತಿರ್ಲಿಲ್ಲ, ಎಡಗೈಲೇ ಬರೆಯೋನು ಪಾಪ. ಸೋಲ್ತೀವಿ ಅಂತ ಗೊತ್ತಿದ್ದೂ ಯಾಕೆ ಕಳಿಸ್ತಾರೆ? ನಮ್ಮ ಫೀ ಇದಕ್ಕೇ ಹೋಗುತ್ತಾ? ಟಿವಿಲಿ ನೋಡಿದ್ರೆ ಕಾಲೇಜ್ ಸ್ಪೋರ್ಟ್ಸ್ ಅಂದ್ರೆ ಕೋಟಿ ಕೋಟಿ ವ್ಯವಹಾರ, ಹಾಗಿದ್ಮೇಲೆ ನಮ್ಮಂಥವರ ಹತ್ರ ಯಾಕೆ ತಗೋಬೇಕು? ಗೊತ್ತಿರೋರು ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ.

ಲೆಡ್ಜರ್_ರಾಯ

ತಮ್ಮಾ, ನಾನು ಇಂಥದೇ ಒಂದು ಸಣ್ಣ ಡಿವಿಷನ್ 1 (ಕಾಲೇಜ್ ಆಟದ ಮೂರು ಹಂತದಲ್ಲಿ ಮೇಲಿನದು) ಯೂನಿವರ್ಸಿಟಿಯ ಅಥ್ಲೆಟಿಕ್ಸ್ ಬಿಸಿನೆಸ್ ಆಫೀಸಲ್ಲಿ 6 ವರ್ಷ ಕೆಲಸ ಮಾಡಿದೀನಿ, ಹಾಗಾಗಿ ಉದ್ದ ಆದ್ರೂ ಪೂರ್ತಿ ಹೇಳ್ತೀನಿ.

ಮೊದಲು ನೀನು ಬೇಜಾರು ಮಾಡ್ಕೊಂಡ ಆ ಮ್ಯಾಚ್. ಅದನ್ನ ಗ್ಯಾರಂಟಿ ಗೇಮ್ ಅಂತಾರೆ. ದೊಡ್ಡ ಯೂನಿವರ್ಸಿಟಿಗೆ ಅವರ ಮನೆ ಸ್ಟೇಡಿಯಮ್‌ನಲ್ಲಿ ಒಂದು ಸುಲಭದ ಗೆಲುವು, ಒಂದು ದಿನದ ಟಿಕೆಟ್ ಕಲೆಕ್ಷನ್ ಬೇಕು, ಸಣ್ಣೋರಿಗೆ ದುಡ್ಡು ಬೇಕು, ಹಾಗಾಗಿ ಕಾಂಟ್ರಾಕ್ಟ್ ಬರೆದು ನಮ್ಮನ್ನ ಕರೆಸ್ಕೋತಾರೆ. ನಿಮ್ಮಂಥ ಎಫ್‌ಸಿಎಸ್, ಅಂದ್ರೆ ಡಿವಿಷನ್ 1ರ ಕೆಳಗಿನ ದರ್ಜೆ ಫುಟ್‌ಬಾಲ್ ಟೀಮಿಗೆ ಒಂದು ಮ್ಯಾಚ್‌ಗೆ ಸಾಮಾನ್ಯವಾಗಿ ಕೆಲವು ಲಕ್ಷ ಡಾಲರ್ ಸಿಗುತ್ತೆ. 2007ರಲ್ಲಿ ಮಿಶಿಗನ್ ಯೂನಿವರ್ಸಿಟಿ 4 ಲಕ್ಷ ಡಾಲರ್ ಕೊಟ್ಟು ಅಪಲಾಚಿಯನ್ ಸ್ಟೇಟನ್ನ ಕರೆಸ್ಕೊಂಡು 34-32ರಲ್ಲಿ ಅವರ ಕೈಲೇ ಸೋತಿದ್ದು ಇವತ್ತಿಗೂ ಜನ ಹೇಳ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ನೋಟರ್ ಡೇಮ್ 14 ಲಕ್ಷ ಡಾಲರ್ ಕೊಟ್ಟು ನಾರ್ದರ್ನ್ ಇಲಿನಾಯ್ ಕೈಲಿ 16-14ರಲ್ಲಿ ಸೋತ್ರು. ಆದ್ರೆ ಇಂಥವು ಅಪರೂಪ, ನೂರಕ್ಕೆ ತೊಂಬತ್ತು ಸಲ ನಿಮ್ಮ ಟೀಮಿಗೆ ಆದಂಗೇ ಆಗೋದು. ಆ ದುಡ್ಡಲ್ಲಿ ಬರೀ ಫುಟ್‌ಬಾಲ್ ನಡೆಯಲ್ಲ, ನಮ್ಮಲ್ಲಿ ಹುಡುಗೀರ ಸಾಫ್ಟ್‌ಬಾಲ್ ಬಸ್ಸು, ಗಾಲ್ಫ್ ಟೀಮಿನ ಹೋಟೆಲ್ಲು, ಎಲ್ಲಾ ಆ ಒಂದು ಚೆಕ್ಕಲ್ಲೇ ಹೋಗ್ತಿತ್ತು. ಆ ಹುಡುಗನ ಬೆರಳಿನ ವಿಷಯ ಓದಿ ಸಂಕಟ ಆಯ್ತು, ಯಾಕಂದ್ರೆ ಆ ಚೆಕ್ಕನ್ನ ಬ್ಯಾಂಕಿಗೆ ಕಟ್ತಿದ್ದೋನು ನಾನೇ.

ಇನ್ನು ಟಿವಿ ದುಡ್ಡು. ಅದು ಇರೋದು ನಿಜ, ಆದ್ರೆ ಹೆಚ್ಚುಪಾಲು ನಾಲ್ಕು ದೊಡ್ಡ ಕಾನ್ಫರೆನ್ಸ್‌ಗಳಿಗೆ (ಕಾನ್ಫರೆನ್ಸ್ ಅಂದ್ರೆ ಒಟ್ಟಿಗೆ ಆಡೋ ಯೂನಿವರ್ಸಿಟಿಗಳ ಗುಂಪು). ಸಣ್ಣೋರಿಗೆ ಬರೋದು ಮುಖ್ಯವಾಗಿ ಎನ್‌ಸಿಎಎ, ಅಂದ್ರೆ ಕಾಲೇಜ್ ಆಟ ನಡೆಸೋ ಸಂಸ್ಥೆ, ಹಂಚೋ ಪಾಲು. ಮಾರ್ಚ್‌ನ ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟ್‌ನಲ್ಲಿ ಒಂದು ಟೀಮ್ ಆಡಿದ ಒಂದೊಂದು ಮ್ಯಾಚ್‌ಗೂ ಒಂದು ಯೂನಿಟ್ ಅಂತ ಲೆಕ್ಕ, ಒಂದು ಯೂನಿಟ್ ಅಂದ್ರೆ 6 ವರ್ಷದಲ್ಲಿ ಸುಮಾರು 20 ಲಕ್ಷ ಡಾಲರ್. ಕೇಳೋಕೆ ದೊಡ್ಡದು. ಆದ್ರೆ ಅದು ಆಡಿದ ಟೀಮಿಗೆ ನೇರ ಬರಲ್ಲ, ಕಾನ್ಫರೆನ್ಸ್‌ಗೆ ಬರುತ್ತೆ, ಹತ್ತು ಸ್ಕೂಲ್ (ಇಲ್ಲಿ ಯೂನಿವರ್ಸಿಟಿಗೂ ಸ್ಕೂಲ್ ಅಂತಾರೆ) ಇದ್ರೆ ಹತ್ತು ಪಾಲು, ಅದೂ ಆರು ಕಂತಲ್ಲಿ. ಭಾಗ ಮಾಡಿ ನೋಡು, ಒಬ್ಬ ಅಸಿಸ್ಟೆಂಟ್ ಕೋಚ್ ಸಂಬಳಕ್ಕೂ ಸಾಲಲ್ಲ.

ಹಾಗಾಗಿ ಉಳಿದಿದ್ದು ಎರಡೇ ದಾರಿ, ಸ್ಟೂಡೆಂಟ್ ಫೀ ಮತ್ತೆ ಯೂನಿವರ್ಸಿಟಿ ತನ್ನ ಜನರಲ್ ಫಂಡಿಂದ ಕೊಡೋ ದುಡ್ಡು. ದೊಡ್ಡ ಕಾನ್ಫರೆನ್ಸ್‌ಗಳಲ್ಲಿ ಇಲ್ಲದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಅಥ್ಲೆಟಿಕ್ಸ್ ಬಜೆಟ್‌ನ ಅರ್ಧಕ್ಕಿಂತ ಹೆಚ್ಚು ಈ ಎರಡರಿಂದಲೇ ಬರೋದು ತೀರಾ ಸಾಮಾನ್ಯ. ಅಂದ್ರೆ ನಿನ್ನ 400 ಡಾಲರ್ ಅಲ್ಲಿ ಮೇಲುಖರ್ಚಿಗಲ್ಲ, ಅದೇ ಬುನಾದಿ.

ನಾನು ಅಲ್ಲಿದ್ದಾಗ ಟೀಮ್ ಹೊರಡೋ ಹಿಂದಿನ ದಿನ ಊಟದ ದುಡ್ಡನ್ನ ಕವರಿಗೆ ಹಾಕೋದು ನನ್ನ ಕೆಲಸ, ಒಬ್ಬೊಬ್ಬರಿಗೆ ಒಂದೊಂದು ಕವರು, ಮೇಲೆ ಹೆಸರು, ಪಕ್ಕದಲ್ಲಿ ಸೈನ್ ಹಾಕೋ ಶೀಟು. ಫುಟ್‌ಬಾಲ್‌ಗೆ 60ಕ್ಕೂ ಹೆಚ್ಚು ಕವರು, ಟೆನಿಸ್‌ಗೆ 8. ಟೆನಿಸ್ ಹುಡುಗೀರು ಸೈನ್ ಹಾಕಿ ಥ್ಯಾಂಕ್ಸ್ ಹೇಳಿ ವ್ಯಾನ್ ಹತ್ತೋರು, ಓಡಿಸೋದೂ ಕೋಚೇ. ದುಡ್ಡು ಹಾಳಾಗ್ತಿದೆ ಅಂತ ಬೈಯೋರು ಒಮ್ಮೆ ಆ ಎರಡು ರಾಶಿ ಪಕ್ಕಪಕ್ಕ ಇಟ್ಟು ನೋಡ್ಬೇಕು.

ಇನ್ನೊಂದು. "ಹಾಗಾದ್ರೆ ನಾಲ್ಕು ಟೀಮ್ ಮುಚ್ಚಿಬಿಡಿ" ಅಂತಾರಲ್ಲ, ಅದೂ ಸುಲಭ ಅಲ್ಲ. ಡಿವಿಷನ್ 1ರಲ್ಲಿ ಇರ್ಬೇಕು ಅಂದ್ರೆ ಕನಿಷ್ಠ 14 ಸ್ಪೋರ್ಟ್ ಇರ್ಲೇಬೇಕು, ಫುಟ್‌ಬಾಲ್‌ನ ಮೇಲಿನ ದರ್ಜೆಗೆ 16. ಅದಕ್ಕೇ ಸಣ್ಣ ಸ್ಕೂಲ್‌ಗಳು ಓಟದ ಟೀಮನ್ನ ಯಾವತ್ತೂ ಬಿಡಲ್ಲ, ಕ್ರಾಸ್ ಕಂಟ್ರಿ, ಇಂಡೋರ್ ಟ್ರ್ಯಾಕ್, ಔಟ್‌ಡೋರ್ ಟ್ರ್ಯಾಕ್ ಮೂರೂ ಬೇರೆ ಬೇರೆ ಸ್ಪೋರ್ಟ್ ಅಂತ ಲೆಕ್ಕಕ್ಕೆ ಬರುತ್ತೆ, ಓಡೋ ಮಕ್ಕಳು ಮಾತ್ರ ಅವರೇ, ಶೂ ಕೂಡ ಹೆಚ್ಚುಕಮ್ಮಿ ಅದೇ.

ಈಜು_ಮಗಳ_ಅಮ್ಮ

ರಾಯರು ಹೇಳಿದ್ದು ಡಿವಿಷನ್ 1 ಕಥೆ, ನಾನು ಡಿವಿಷನ್ 3 ಕಡೆಯಿಂದ ಹೇಳ್ತೀನಿ, ಇಲ್ಲಿ ಲೆಕ್ಕ ಪೂರ್ತಿ ಉಲ್ಟಾ.

ನನ್ನ ಮಗಳು ಒಂದು ಸಣ್ಣ ಪ್ರೈವೇಟ್ ಕಾಲೇಜಲ್ಲಿ ಈಜ್ತಾಳೆ. ಡಿವಿಷನ್ 3ರಲ್ಲಿ ಆಟಕ್ಕೆ ಅಂತ ಒಂದು ಡಾಲರ್ ಸ್ಕಾಲರ್‌ಶಿಪ್ ಕೊಡೋ ಹಾಗಿಲ್ಲ, ನಿಯಮಾನೇ ಹಾಗಿದೆ. ಆದ್ರೂ ಅವಳ ಕೋಚ್ ಎಷ್ಟು ಸಲ ಫೋನ್ ಮಾಡಿದ್ರು ಅಂತೀರಾ, ನಮಗೆ ಆಶ್ಚರ್ಯ ಆಗ್ತಿತ್ತು, ನಮ್ಮ ಹುಡುಗಿ ಅಷ್ಟೊಂದು ಫಾಸ್ಟ್ ಏನಲ್ಲ. ಸೇರಿದ ಮೇಲೆ ಅರ್ಥ ಆಯ್ತು, ಇಲ್ಲಿ ಕೋಚ್ ಅಂದ್ರೆ ಅರ್ಧ ಅಡ್ಮಿಷನ್ ಆಫೀಸರ್. ಇಂತಿಷ್ಟು ಮಕ್ಕಳನ್ನ ಕರ್ಕೊಂಡು ಬರ್ಬೇಕು ಅಂತ ಅವರ ಮೇಲೆ ಒತ್ತಡ ಇರುತ್ತೆ. ಡಿವಿಷನ್ 1ರಲ್ಲಿ ಆಟಗಾರ ಅಂದ್ರೆ ಖರ್ಚು, ನಮ್ಮಲ್ಲಿ ಆಟಗಾರ ಅಂದ್ರೆ ಫೀ ಕಟ್ಟೋ ಮನೆಯವರು.

ಲೆಕ್ಕಕ್ಕೆ ಅಂತ ಇಟ್ಕೊಳ್ಳಿ, ಒಂದು ಕಾಲೇಜು ಹೊಸದಾಗಿ ಫುಟ್‌ಬಾಲ್ ಶುರು ಮಾಡುತ್ತೆ, 100 ಹುಡುಗ್ರು ಬರ್ತಾರೆ, ರಿಯಾಯಿತಿ ಎಲ್ಲಾ ಕಳೆದು ಒಬ್ಬೊಬ್ರು 20,000 ಡಾಲರ್ ಕಟ್ಟಿದ್ರೆ ವರ್ಷಕ್ಕೆ 20 ಲಕ್ಷ. ಕೋಚ್‌ಗಳ ಸಂಬಳ, ಹೆಲ್ಮೆಟ್ಟು, ಬಸ್ಸು ಎಲ್ಲಾ ಹೋಗಿಯೂ ಏನೋ ಉಳಿಯುತ್ತೆ ಅನ್ನೋದು ಅವರ ನಂಬಿಕೆ. ಆ ಹುಡುಗರು ಆಟ ಇಲ್ದೇ ಇದ್ರೂ ಆ ಕಾಲೇಜಿಗೇ ಬರ್ತಿದ್ರಾ, ಎರಡನೇ ವರ್ಷ ಆಟ ಬಿಟ್ರೆ ಕಾಲೇಜೂ ಬಿಡ್ತಾರಾ, ಇದನ್ನ ಕೇಳ್ಬೇಕು. ತಂದೆತಾಯಂದಿರ ಮೀಟಿಂಗಲ್ಲಿ ನಾನು ಕೇಳ್ದೆ, ಸರಿಯಾದ ಉತ್ತರ ಬರ್ಲಿಲ್ಲ.

ಟೀಮ್ ಸೇರಿಸಿದ ಮಾತ್ರಕ್ಕೆ ಕಾಲೇಜು ಉಳಿಯುತ್ತೆ ಅಂತಾನೂ ಇಲ್ಲ. ಅಲಬಾಮಾದ ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜು 2006ರಲ್ಲಿ ಡಿವಿಷನ್ 1 ಬಿಟ್ಟು ಡಿವಿಷನ್ 3ಕ್ಕೆ ಬರೋ ತೀರ್ಮಾನ ಮಾಡ್ತು, ಮಾರನೇ ವರ್ಷ ಫುಟ್‌ಬಾಲೂ ಶುರು ಮಾಡ್ತು. ಆದ್ರೆ ಸಾಲ, ಕರಗಿಹೋದ ಎಂಡೋಮೆಂಟು (ದತ್ತಿ ನಿಧಿ), ಕೊನೆಗೆ ಸರ್ಕಾರದ ಲೋನೂ ಸಿಗದೆ 2024ರ ಮೇ 31ಕ್ಕೆ ಬಾಗಿಲು ಹಾಕಿದ್ರು. ಅದೇ ದಿನ ಅವರ ಬೇಸ್‌ಬಾಲ್ ಟೀಮ್ ಓಹಾಯೋದಲ್ಲಿ ಡಿವಿಷನ್ 3 ವರ್ಲ್ಡ್ ಸೀರೀಸ್ ಆಡ್ತಾ ಇತ್ತು. ಎದೆ ಮೇಲೆ ಹೆಸರು ಇದೆ, ಆ ಹೆಸರಿನ ಕಾಲೇಜು ಇಲ್ಲ. ನನಗೆ ಆ ಸುದ್ದಿ ಓದಿ ಎರಡು ದಿನ ನಿದ್ದೆ ಬರ್ಲಿಲ್ಲ, ನಮ್ಮ ಮಗುವಿಗೂ ಹಿಂಗಾದ್ರೆ ಅಂತ.

ಹ್ಯಾಮರ್_ಥ್ರೋ_ಹುಡುಗ

ನಾನು ಇಂಡಿಯಾದಿಂದ ಟ್ರ್ಯಾಕ್ ಅಂಡ್ ಫೀಲ್ಡ್ ಸ್ಕಾಲರ್‌ಶಿಪ್ ಮೇಲೆ ಇಂಥದೇ ಒಂದು ಸಣ್ಣ ಯೂನಿವರ್ಸಿಟಿಗೆ ಬಂದೋನು. ರಾಯಣ್ಣ ಹೇಳಿದ್ದೆಲ್ಲ ಒಪ್ತೀನಿ, ಎರಡು ವಿಷಯ ಸೇರಿಸ್ಬೇಕು.

ಒಂದು, ಸ್ಕಾಲರ್‌ಶಿಪ್ ಅಂದ್ರೆ ಎಲ್ರಿಗೂ ಪೂರ್ತಿ ಫ್ರೀ ಅಂತ ತಿಳ್ಕೋಬೇಡಿ. ನಮ್ಮ ಕಾಲದಲ್ಲಿ ಡಿವಿಷನ್ 1ರ ಗಂಡಸರ ಟ್ರ್ಯಾಕ್ ಟೀಮಿಗೆ ಒಟ್ಟು 12.6 ಸ್ಕಾಲರ್‌ಶಿಪ್ ಮಿತಿ, ಅದನ್ನ ಓಡೋರು, ಹಾರೋರು, ಎಸೆಯೋರು ಎಲ್ರಿಗೂ ತುಂಡು ತುಂಡು ಮಾಡಿ ಹಂಚೋರು, ಸಣ್ಣ ಸ್ಕೂಲ್‌ಗಳಲ್ಲಿ ಆ 12.6 ಕೂಡ ಪೂರ್ತಿ ಇರ್ತಿರ್ಲಿಲ್ಲ. ನನಗೆ ಸಿಕ್ಕಿದ್ದು ಅರ್ಧ. ಉಳಿದರ್ಧಕ್ಕೆ ಅಪ್ಪ ಸಾಲ ಮಾಡಿದ್ರು. ಮತ್ತೆ ಆ ಸ್ಕಾಲರ್‌ಶಿಪ್ಪನ್ನ ಅಥ್ಲೆಟಿಕ್ಸ್ ಖರ್ಚು ಅಂತ ಪೂರ್ತಿ ಟ್ಯೂಷನ್ ರೇಟಲ್ಲಿ ಬರೀತಾರೆ, ದುಡ್ಡು ಮಾತ್ರ ಯೂನಿವರ್ಸಿಟಿಯ ಈ ಜೇಬಿಂದ ಆ ಜೇಬಿಗೆ ಹೋಗಿರುತ್ತೆ ಅಷ್ಟೆ. ಕ್ಲಾಸಲ್ಲಿ ಒಂದು ಖಾಲಿ ಸೀಟಿತ್ತು, ಅಲ್ಲಿ ನಾನು ಕೂತೆ, ಅದರಿಂದ ಯೂನಿವರ್ಸಿಟಿಗೆ ನಿಜವಾಗ್ಲೂ ಅಷ್ಟು ಖರ್ಚಾಯ್ತಾ? ಟೀಮ್ ಮುಚ್ಚಿದ್ರೆ ಇಷ್ಟು ಉಳಿಯುತ್ತೆ ಅಂತ ತೋರ್ಸೋ ನಂಬರ್‌ನಲ್ಲಿ ಇದೂ ಸೇರಿರುತ್ತೆ, ಅದನ್ನ ಬಿಡಿಸಿ ಕೇಳ್ಬೇಕು.

ಎರಡು, 2025ರ ಜೂನ್ 6ಕ್ಕೆ ಕೋರ್ಟ್ ಒಪ್ಪಿದ ಹೌಸ್ ಸೆಟಲ್‌ಮೆಂಟ್, ಅಂದ್ರೆ ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ ಕೇಸಿನ ರಾಜಿ. ಆ ಜುಲೈಯಿಂದ ಯೂನಿವರ್ಸಿಟಿಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು, ಮೊದಲ ವರ್ಷಕ್ಕೆ ಒಂದು ಸ್ಕೂಲಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. ಸಣ್ಣ ಯೂನಿವರ್ಸಿಟಿಗಳಲ್ಲಿ ಎಷ್ಟೋ ಕಡೆ ಇಡೀ ಅಥ್ಲೆಟಿಕ್ಸ್ ಬಜೆಟ್ಟೇ ಅಷ್ಟಿರಲ್ಲ. ಆಟಗಾರರಿಗೆ ದುಡ್ಡು ಸಿಗೋದು ನ್ಯಾಯಾನೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದ್ರೆ ಹಳೇ ಆಟಗಾರರಿಗೆ ಕೊಡ್ಬೇಕಾದ ಸುಮಾರು 2.8 ಬಿಲಿಯನ್ ಡಾಲರ್ ಪರಿಹಾರವನ್ನ 10 ವರ್ಷದಲ್ಲಿ ತೀರಿಸೋಕೆ ಎನ್‌ಸಿಎಎ ಎಲ್ಲಾ ಡಿವಿಷನ್ 1 ಸ್ಕೂಲ್‌ಗಳ ಪಾಲನ್ನೂ ಕಡಿತ ಮಾಡ್ತಿದೆ, ಫುಟ್‌ಬಾಲೇ ಇಲ್ಲದ ಸ್ಕೂಲ್‌ಗಳದ್ದೂ ಸೇರಿ. ಉಂಡೋರು ಯಾರೋ, ಎಲೆ ಎತ್ತೋರು ಯಾರೋ.

ಅದಕ್ಕೇ ಕೆಲವರು ಬಿಟ್ಟು ಹೋಗ್ತಿದಾರೆ. ಪೆನ್ಸಿಲ್ವೇನಿಯಾದ ಸೇಂಟ್ ಫ್ರಾನ್ಸಿಸ್ 2025ರ ಮಾರ್ಚ್‌ನಲ್ಲಿ ಟೂರ್ನಮೆಂಟ್ ಆಡಿ ಬಂದ ಒಂದೇ ವಾರಕ್ಕೆ ಡಿವಿಷನ್ 3ಕ್ಕೆ ಹೋಗ್ತೀವಿ ಅಂತ ಘೋಷಿಸ್ತು. ಹಾರ್ಟ್‌ಫರ್ಡ್ ಕೂಡ 2021ರಲ್ಲಿ ಹಿಂಗೇ, ಮೊದಲನೇ ಸಲ ಮಾರ್ಚ್ ಟೂರ್ನಮೆಂಟ್‌ಗೆ ಹೋದ ಎರಡೇ ತಿಂಗಳಿಗೆ. ನಮ್ಮ ಸ್ಕೂಲು ಡಿವಿಷನ್ ಬಿಡ್ಲಿಲ್ಲ, ನಮ್ಮ ಟೀಮನ್ನ ಬಿಡ್ತು. 9 ನಿಮಿಷದ ಒಂದು ಜೂಮ್ ಮೀಟಿಂಗು, ಎಲ್ಲರ ಮೈಕೂ ಮ್ಯೂಟ್, ಪ್ರಶ್ನೆ ಕೇಳೋಕೂ ಬಿಡ್ಲಿಲ್ಲ. ಆಮೇಲೆ ಗ್ರೌಂಡಿಗೆ ಹೋದೆ, ಹ್ಯಾಮರ್ ಎಸೆಯೋ ಕೇಜ್ ಬಲೆಯನ್ನ ಆ ವರ್ಷಾನೇ ಹೊಸದಾಗಿ ಕಟ್ಟಿದ್ರು, ಅದರ ಪ್ಲಾಸ್ಟಿಕ್ ಟ್ಯಾಗ್ ಕೂಡ ಇನ್ನೂ ಕಿತ್ತಿರ್ಲಿಲ್ಲ.

ಇಂಥ ಸಮಯದಲ್ಲಿ ಎಷ್ಟೋ ಜನ ಟೈಟಲ್ 9 ಮೇಲೆ ಗೂಬೆ ಕೂರಿಸ್ತಾರೆ, ಹುಡುಗೀರಿಗೆ ಕೊಡೋಕೆ ಹೋಗಿ ಹುಡುಗರ ಟೀಮ್ ಹೋಯ್ತು ಅಂತ. 1972ರ ಆ ಕಾನೂನು ಯಾವ ಟೀಮನ್ನೂ ಮುಚ್ಚಿ ಅನ್ನಲ್ಲ, ಅವಕಾಶ ಸಮನಾಗಿ ಕೊಡಿ ಅನ್ನುತ್ತೆ. ಫುಟ್‌ಬಾಲ್‌ಗೆ 100 ಹುಡುಗರನ್ನ ತುಂಬ್ಕೊಂಡು ಲೆಕ್ಕ ಸರಿದೂಗಿಸೋಕೆ ನಮ್ಮನ್ನ ಕಳಿಸಿದ್ದು ಯೂನಿವರ್ಸಿಟಿ ತೀರ್ಮಾನ.

ಎಂಎಸ್_ಎರಡನೇ_ವರ್ಷ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಅದರಲ್ಲೂ ಹ್ಯಾಮರ್ ಅಣ್ಣ, ನಿಮ್ಮದು ಓದಿ ಸುಮ್ನೆ ಕೂತ್ಬಿಟ್ಟೆ. ನಿನ್ನೆ ರಾತ್ರಿ ಹುಡುಕ್ದೆ, ಫೆಡರಲ್ ಎಜುಕೇಷನ್ ಡಿಪಾರ್ಟ್‌ಮೆಂಟ್‌ನ ಸೈಟಲ್ಲಿ ಇಎಡಿಎ ಅಂತ ಎಲ್ಲಾ ಸ್ಕೂಲ್‌ಗಳ ಲೆಕ್ಕ ಇದೆ. ನಮ್ಮದು ತೆಗೆದು ನೋಡಿದ್ರೆ ಒಟ್ಟು ಆದಾಯ, ಒಟ್ಟು ಖರ್ಚು ಎರಡೂ ಒಂದೇ, ಒಂದು ಡಾಲರ್ ಆಚೆ ಈಚೆ ಇಲ್ಲ. ಹಂಗಿದ್ರೆ ನಷ್ಟಾನೇ ಇಲ್ವಲ್ಲ ಅಂತ ಗೊಂದಲ ಆಯ್ತು. ಮುಂದಿನ ಗುರುವಾರ ಸ್ಟೂಡೆಂಟ್ ಗವರ್ನ್‌ಮೆಂಟ್‌ನಲ್ಲಿ ಈ ಫೀ ಜಾಸ್ತಿ ಮಾಡೋ ಬಗ್ಗೆ ಮೀಟಿಂಗ್ ಇದೆ, ಗ್ರ್ಯಾಜುಯೇಟ್ ಸ್ಟೂಡೆಂಟ್ಸ್ ಪರವಾಗಿ ಯಾರಾದ್ರೂ ಮಾತಾಡಿ ಅಂದ್ರು, ಕೈ ಎತ್ತಿದೀನಿ. ಏನು ಕೇಳ್ಲಿ?

ಲೆಡ್ಜರ್_ರಾಯ

ಒಳ್ಳೇ ಕೆಲಸ ಮಾಡ್ದೆ. ಎರಡೂ ಒಂದೇ ಇರೋದಕ್ಕೆ ಕಾರಣ, ನಿಮ್ಮ ಫೀ, ಯೂನಿವರ್ಸಿಟಿ ತುಂಬಿಕೊಟ್ಟ ದುಡ್ಡು ಎರಡನ್ನೂ ಅಲ್ಲಿ ಆದಾಯ ಅಂತಾನೇ ಬರೀತಾರೆ. ಕಮ್ಮಿ ಬಿದ್ದ ಚೂರನ್ನೂ ತಂದು ತುಂಬಿಸಿ ಕೊನೆಗೆ ಸರಿಸಮ ಮಾಡ್ತಾರೆ. ಆ ಫಾರ್ಮ್ ನೋಡಿ ನಷ್ಟ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ಒಪ್ಕೋಬೇಡ.

ನಿಮ್ಮದು ಸರ್ಕಾರಿ ಯೂನಿವರ್ಸಿಟಿ ಅಲ್ವಾ, ಹಾಗಾದ್ರೆ ಎನ್‌ಸಿಎಎಗೆ ಪ್ರತಿ ವರ್ಷ ಕಳ್ಸೋ ಫೈನಾನ್ಶಿಯಲ್ ರಿಪೋರ್ಟ್ ಕೇಳು, ಪಬ್ಲಿಕ್ ರೆಕಾರ್ಡ್ಸ್ ಅರ್ಜಿ ಹಾಕಿದ್ರೆ ಕೊಡ್ತಾರೆ. ನೈಟ್-ನ್ಯೂಹೌಸ್ ಡೇಟಾಬೇಸ್ ಅಂತ ಸರ್ಚ್ ಮಾಡು, ಸರ್ಕಾರಿ ಡಿವಿಷನ್ 1 ಸ್ಕೂಲ್‌ಗಳದ್ದು ವರ್ಷವಾರು ಅಲ್ಲೇ ಸಿಗುತ್ತೆ. ಸ್ಟೂಡೆಂಟ್ ಫೀ ಒಂದು ಸಾಲು, ಇನ್‌ಸ್ಟಿಟ್ಯೂಷನಲ್ ಸಪೋರ್ಟ್ ಇನ್ನೊಂದು ಸಾಲು, ಎರಡೂ ಕೂಡ್ಸಿ ಒಟ್ಟು ಬಜೆಟ್‌ನಲ್ಲಿ ಶೇಕಡಾ ಎಷ್ಟು ಅಂತ ಹಿಂದಿನ 5 ವರ್ಷದ್ದು ತೆಗಿ. ಆಮೇಲೆ ಗ್ಯಾರಂಟಿ ಗೇಮ್ ಆದಾಯದ ಸಾಲು ತೋರ್ಸು, ಆ ದುಡ್ಡಲ್ಲಿ ಆಟಗಾರರ ಮೆಡಿಕಲ್ ಖರ್ಚಿಗೆ, ಅಥ್ಲೆಟಿಕ್ ಟ್ರೈನರ್‌ಗಳಿಗೆ ಎಷ್ಟು ಹೋಯ್ತು ಅಂತ ಕೇಳು. ಟೀಮ್ ಮುಚ್ಚಿ ಅಂತ ಮಾತ್ರ ಶುರು ಮಾಡ್ಬೇಡ ಮಾರಾಯ, ಅಲ್ಲಿ ಕೂತಿರೋರಲ್ಲಿ ಅರ್ಧ ಜನ ಆ ಟೀಮಿನ ಮಕ್ಕಳೇ ಇರ್ತಾರೆ, ಅವರ ಪರವಾಗೂ ಕೇಳ್ತಿದೀಯ ಅಂತ ಅವರಿಗೆ ಗೊತ್ತಾಗ್ಲಿ.

ಹ್ಯಾಮರ್_ಥ್ರೋ_ಹುಡುಗ

ಆ ಬೆರಳಿಗೆ ಟೇಪ್ ಸುತ್ತಿದ್ದ ಹುಡುಗನ್ನೂ ಕರ್ಕೊಂಡು ಹೋಗು.

ಎಂಎಸ್_ಎರಡನೇ_ವರ್ಷ

ಕೇಳ್ದೆ ಅಣ್ಣ. ಗುರುವಾರ 4 ಗಂಟೆಗೆ ಪ್ರಾಕ್ಟೀಸ್ ಇದೆ, 5:30ಕ್ಕೆ ಮುಗಿದ ತಕ್ಷಣ ಹಂಗೇ ಬರ್ತೀನಿ ಅಂದ. ಮೀಟಿಂಗ್ 6ಕ್ಕೆ.